ಡಬ್ಬಿಯ ಮುಚ್ಚಳ

ಬಣ್ಣದ ಡಬ್ಬಿಯ ಮುಚ್ಚಳ, ನಾಲ್ಕು ಹೋಳು ಗೀಚಿದ್ದು.
ಎರಡಕ್ಕೆ ಶಾಲೆಯ ಗೇಟಿಗೆ ಬಳಿದು ಉಳಿದ ಬಿಳಿ,
ಎರಡಕ್ಕೆ ಫಾವುಸ್ತೋ ಮಾಮನ ದೋಣಿಗೆ ಬಳಿದು ಉಳಿದ ಕಪ್ಪು.
ನಡುವೆ ತೂತು, ತೂತಿಗೆ ಹಗ್ಗ,
ಅಡಿಗೆ ಸೈಕಲ್ಲಿನ ಹಲ್ಲುಚಕ್ರ, ಮುಳುಗಲೆಂದು.
ಪ್ರಯೋಗಶಾಲೆ ಅಂದರೆ ಇಷ್ಟೇ ನಮ್ಮದು.

ಯಾರ ಮೊಳ ಎಂದು ಜಗಳವಾಯಿತು.
ಕೊನೆಗೆ ಎಲ್ಲರಿಗಿಂತ ಗಿಡ್ಡಿ ಗ್ರೆಗೋರಿಯಾಳದ್ದೇ ಗೆದ್ದಿತು.
ಮೊಳಕ್ಕೊಂದು ಗಂಟು, ಒಟ್ಟು ಹದಿನೈದು.
ಕೊನೆಯ ಗಂಟಿಗೆ ಅವಳಿಗೆ ತೂಕಡಿಕೆ,
ಆ ಮೊಳ ತುಸು ಉದ್ದ.
ಪುಸ್ತಕದಲ್ಲಿ ಅದನ್ನೂ ಬರೆದುಕೊಂಡೆವು.

ಟಿಟಿಕಾಕಾದ ಬಿಸಿಲಿಗೆ ಬಿಸಿಯಿಲ್ಲ, ಬರೀ ಹರಿತ.
ಜೊಂಡಿನ ಸಂದಿಯಿಂದ ದೋಣಿ ಬಯಲಿಗೆ ಬಂದಾಗ
ಫಾವುಸ್ತೋ ಮೂರು ಕೋಕಾ ಎಲೆ ನೀರಿಗೆ ಬಿಟ್ಟ:
ಅಳೆಯುವ ಮುನ್ನ ಸರೋವರದಮ್ಮನ ಅಪ್ಪಣೆ.
ಪಾಠದಲ್ಲಿ ಇದಿಲ್ಲ. ಸುಮ್ಮನಿದ್ದೆ.

ದೋಣಿಯ ನೆರಳಿನ ಮಗ್ಗುಲಲ್ಲಿ ಮುಚ್ಚಳ ಇಳಿಸಿ,
ಕಾಣದಾದಾಗ ಗಂಟು ಎಣಿಸಿ, ಅಂದೆ.
ಬೆನಿತಾ: ಒಂಬತ್ತು.
ಗ್ರೆಗೋರಿಯಾ: ಒಂಬತ್ತು, ಇಲ್ಲ, ಒಂಬತ್ತೂವರೆ.
ಫಾವುಸ್ತೋ, ಯಾರೂ ಕೇಳದಿದ್ದರೂ: ಎಂಟು.
ಎಲಿಸೆಯೋ: ನಾಲ್ಕು.

ನಕ್ಕರು. ನಾನೂ ಗದರಿದೆ: ಸರಿಯಾಗಿ ನೋಡೋ.
ಮತ್ತೆ ಇಳಿಸಿದ. ಟೋಪಿ ತೆಗೆದು,
ಮೂಗು ನೀರಿಗೆ ತಾಗುವಷ್ಟು ಬಾಗಿ
ಉಸಿರು ಹಿಡಿದು ನೋಡಿದ.
ನಾಲ್ಕೇ, ಟೀಚರ್.
ಹೆದರಿದ್ದ, ಆದರೂ ಸುಳ್ಳು ಹೇಳಲಿಲ್ಲ.
ಒಂಬತ್ತು ಅನ್ನುವುದು ಎಷ್ಟು ಸುಲಭವಿತ್ತು.

ಆಗ ಎದೆ ಧಸಕ್ಕೆಂದಿತು.
ಎರಡು ವರ್ಷ ಕೊನೆಯ ಬೆಂಚಿನಲ್ಲಿ ಕೂರಿಸಿದ್ದೆ.
ಬೋರ್ಡು ಬಿಟ್ಟು ಪಕ್ಕದವನ ಪುಸ್ತಕ ನೋಡುತ್ತಾನೆಂದು
ಕಿವಿ ಹಿಂಡಿದ್ದೆ.
ವರದಿಯಲ್ಲಿ ನನ್ನದೇ ಕೈಬರಹ: ಗಮನವಿಲ್ಲ.
ನೀರಿನೊಳಗೆ ನಾಲ್ಕು ಗಿಡ್ಡ ಮೊಳ ಇಳಿದ ಮುಚ್ಚಳ
ನಾನು ಕೇಳದ ಪ್ರಶ್ನೆಗೆ ಉತ್ತರ ತಂದಿತ್ತು.

ಸರಾಸರಿಗೆ ಅವನದನ್ನು ಬಿಡೋಣವೇ, ಎಂದಳು ಬೆನಿತಾ,
ಲೆಕ್ಕದಲ್ಲಿ ಚುರುಕು ಅವಳು.
ಬೇಡ, ಹೊಡೆದುಹಾಕಬೇಡ,
ಪಕ್ಕದಲ್ಲಿ ಹೆಸರು ಬರೆ, ಅಂದೆ.
ಎಲ್ಲರ ಪಕ್ಕದಲ್ಲೂ ಬರೆ.

ಕನ್ನಡಕ ಪುನೋ ಪೇಟೆಯಿಂದ ಬರಲು ಐದು ತಿಂಗಳು.
ಅವನಮ್ಮ ಎರಡು ಕುರಿ ಮಾರಿದಳು,
ಒಂದರ ದುಡ್ಡು ನಾನು ಕೊಡುತ್ತೇನೆಂದರೆ
ಚೀಲ ತುಂಬ ಆಲೂಗಡ್ಡೆ ಕಳಿಸಿ ಬಾಯಿ ಮುಚ್ಚಿಸಿದಳು.

ಮತ್ತೆ ಅದೇ ದೋಣಿ, ಅದೇ ಹಗ್ಗ.
ಜಾರದಿರಲೆಂದು ಕನ್ನಡಕಕ್ಕೆ ಉಣ್ಣೆಯ ದಾರ ಕಟ್ಟಿ
ಎಲಿಸೆಯೋ ಬಾಗಿದ.
ಎಷ್ಟೋ ಹೊತ್ತು ಮಾತಿಲ್ಲ.
ಅಡಿಯಲ್ಲಿ ಪಾಚಿ ಅಲ್ಲಾಡ್ತಿದೆ, ಅಂದ.
ಮುಚ್ಚಳದ ಮಾತೇ ಎತ್ತಲಿಲ್ಲ.
ನೆನಪಿಸಿದ ಮೇಲೆ: ಹನ್ನೊಂದು.

ಆ ದಿನ ಬೆನಿತಾಳಿಗೂ ಹತ್ತು.
ಹಾಗಾದರೆ ತಿಳಿಯಾದದ್ದು ನೀರೋ, ಕಣ್ಣೋ?
ಬರೀ ಮುಚ್ಚಳದಿಂದ ಅದು ತಿಳಿಯುವುದಿಲ್ಲ, ಅಂದೆ.
ಎರಡು ತಾರೀಕೂ ಬರೆಯಿರಿ. ಗಾಳಿ, ಮೋಡ, ಹೊತ್ತು ಬರೆಯಿರಿ.
ಗ್ರೆಗೋರಿಯಾಳ ಮೊಳ ಆಗಲೇ
ಒಂದು ಬೆರಳು ಬೆಳೆದಿತ್ತು.
ಹಗ್ಗದ್ದು ಬೆಳೆದಿರಲಿಲ್ಲ.