ಗುರುವಾರದ ಲೀಗು

ಹುಬ್ಬಳ್ಳಿ ಗೋಕುಲ ರೋಡು, ಸಂಜಿ ಏಳು.
ಬಾಡಿಗಿ ಬೂಟು, ಎಂಟನೇ ನಂಬರು,
ಒಳಗ ಇನ್ನೂ ಯಾರದೋ ಕಾಲಿನ ಬಿಸಿ.

ನಮ್ಮ ಟೀಮಿನ ಹೆಸರು ಗಿರ್ಮಿಟ್.
ಆರು ವಾರಾತು,
ಕಟ್ಟಕಡೀ ಜಾಗಾ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಹೊಂಬಳ ಸಾಹೇಬ್ರು, ನನ್ನ ರಜಾ ಅರ್ಜಿ
ಮೂರು ಸಲ ತಿರುಗಿಸಿ ಕಳಿಸಿದವ್ರು,
ಚೆಂಡು ಕೂಸಿನಂಗ ಎರಡೂ ಕೈಲೆ ಹಿಡದು ಬಿಟ್ರು:
ಸೀದಾ ಗಟಾರ.
'ನೆಲಾನ ಓರೆ ಐತ್ರಿ' ಅಂದೆ.
ಮೊದಲ ಸಲ ನನ್ನ ಟಿಪ್ಪಣಿ ಒಪ್ಪಿದ್ರು.

ಕ್ಯಾಶಿನ ಜೈತುನಬಿ ಬಳಿ ಮ್ಯಾಲೇರಿಸಿ,
ನೋಟು ಎಣಿಸೋ ರೂಢಿಗೆ ಬೆರಳು ನಾಲಿಗಿಗೆ ಹಚ್ಚಿ
ಒಗದ್ಲು.
ಒಂಬತ್ತು ಬಿದ್ದವು.
ಹತ್ತನೇದು ನಡುಗಿತು, ವಾಲಿತು,
ನಿಂತ ಬಿಡ್ತು.

'ಬೀಳವ್ವಾ ತಾಯಿ!'
ಇಡೀ ಲೆಕ್ಕದ ಶಾಖೆ ಕೈ ಮುಗೀತು.

ಶುಕ್ರವಾರ. ಕೌಂಟರಿಗೆ ಹನುಮಂತನ ಬಾಲದಷ್ಟು ಸರದಿ.
ಗಾಜಿನಾಚೆಯಿಂದ ಜೈತುನಬಿ
ಒಂದು ಬೆರಳು ಎತ್ತಿ ತೋರಸ್ತಾಳ:
ಇನ್ನೂ ನಿಂತೈತಿ.