ಹನ್ನೊಂದು ತೂತು

ಬೀಕರಿನ ಬಾಯಿಗೆ ಬೆಳ್ಳಿಹಾಳೆ ಹೊದಿಸಿ
ಸೂಜಿಯಿಂದ ಚುಚ್ಚಿದೆ: ಹನ್ನೊಂದು ತೂತು.
ಹನ್ನೆರಡಾದರೆ ಅವಸರ, ಹರಳಿನೊಳಗೆ ಮೋಡ ಕಟ್ಟುತ್ತದೆ.
ಹತ್ತಾದರೆ ನನ್ನ ಫೆಲೋಶಿಪ್ಪೇ ಮೊದಲು ಮುಗಿಯುತ್ತದೆ.

ಕೊಣಾಜೆ ಗುಡ್ಡದ ಮೇಲೆ ಮುರಕಲ್ಲಿನ ಕೋಣೆ.
ಕಿಟಕಿ ತೆರೆದರೆ ದೂರದಲ್ಲಿ ಕಡಲು, ಒಂದೇ ಗೀರು.
ತೆರೆಯುವಂತಿಲ್ಲ.
ಮೂವತ್ತನಾಲ್ಕು ಡಿಗ್ರಿಯ ನೀರಿನಲ್ಲಿ
ಕುತ್ತಿಗೆಯವರೆಗೆ ಮುಳುಗಿ ಕೂತಿದೆ ಬೀಕರು;
ಒಳಗೆ ಅಸಿಟೋನು, ಅದರಲ್ಲಿ ಕರಗಿದ ನನ್ನ ಹಳದಿ ಪುಡಿ,
ನಡುವೆ ತೂಗುವ ಸಾಸಿವೆಯಷ್ಟು ಬೀಜ.

ಮೊದಲು ಉಮ್ಮನ ಬೀಡಿ ನೂಲಿಗೆ ಕಟ್ಟಿದ್ದೆ,
ತಡ್ಪೆಯಿಂದ ಕದ್ದ ಒಂದು ಗೇಣು.
ಎಳೆಎಳೆಗೂ ಹರಳು ಹುಟ್ಟಿ
ಮೂರೇ ದಿನಕ್ಕೆ ಗಡ್ಡ ಬಿಟ್ಟಿತು ನೂಲು.
"ಒರಟು ಕಂಡಲ್ಲೆಲ್ಲ ಹಿಡ್ಕೊಳ್ತದೆ ಮಾರಾಯ್ತಿ, ನಯದ್ದು ಬೇಕು"
ಎಂದ ಅಟೆಂಡರ್ ಐತಪ್ಪಣ್ಣ
ಮರುದಿನ ಉಳ್ಳಾಲದಿಂದ ತಂದ ಗಾಳದ ತಂಗೂಸಿ.
ಮೀನಿಗೂ ಕಾಣದ ಆ ದಾರದಲ್ಲಿ
ಈಗ ತೂಗುತ್ತಿದೆ ಬೀಜ.

ಸ್ಟೇಟ್‌ಬ್ಯಾಂಕಿನ ಬಸ್ಸಿನಲ್ಲಿ ಪಕ್ಕದವಳು ಕೇಳಿದಳು:
"ಉಗುರುಬಣ್ಣ ಒರೆಸಿದ್ದಾ? ವಾಸನೆ ಬರ್ತಾ ಉಂಟು."
ಹೌದೆಂದೆ.
ನಾಲ್ಕು ವರ್ಷದಿಂದ ಒರೆಸುತ್ತಿದ್ದೇನೆ ಎನ್ನಲಿಲ್ಲ.

ಏಳು ಪುಡಿ ಮಾಡಿದ್ದೆ ಒಟ್ಟು. ಆರು ಚಂದವಾಗಿ ಹರಳಾದವು,
ಮದುವೆ ಫೋಟೋದ ಹಾಗೆ ಎಡಬಲ ಸರಿಹೊಂದಿ:
ಒಂದು ಅಣು ಮೂಡಣಕ್ಕೆ ತಲೆಯಿಟ್ಟರೆ ಮತ್ತೊಂದು ಪಡುವಣಕ್ಕೆ,
ಒಂದರ ಎಳೆತವನ್ನು ಇನ್ನೊಂದು ತಿಂದು, ಲೆಕ್ಕ ಸೊನ್ನೆ.
ಬೆಳಕು ಹೊಕ್ಕಿತು, ಹೊಕ್ಕಂತೆಯೇ ಹೊರಬಿತ್ತು.
ಎಕ್ಸ್‌ರೇ ಚಿತ್ರ ನೋಡಿ ಮೇಡಂ ಅಂದದ್ದು ಇಷ್ಟೇ:
"ಸಮ ಆಗಿಬಿಟ್ಟಿದೆ."
ನಮ್ಮ ಕೋಣೆಯಲ್ಲಿ ಅದು ಬೈಗಳು.

ಏಳನೆಯದರಲ್ಲಿ ಮಾತ್ರ ಎಲ್ಲವೂ ಒಂದೇ ಕಡೆಗೆ ವಾಲಿದ್ದವು,
ಸಂಜೆಯ ಬಸ್ಸಿನ ಬಾಗಿಲಿಗೆ ಜೋತುಬಿದ್ದವರ ಹಾಗೆ.

ಇಪ್ಪತ್ತೊಂಬತ್ತನೆಯ ರಾತ್ರಿ ಕರೆಂಟು ಹೋಯಿತು.
ಐತಪ್ಪಣ್ಣ ಸ್ಟವ್ವಿನ ಮೇಲೆ ನೀರು ಕಾಯಿಸಿ
ಸೌಟಿನಲ್ಲಿ ಸುರಿಯುತ್ತ ಫೋನಿನಲ್ಲಿ ಓದಿದ:
ಮೂವತ್ಮೂರು ಮುಕ್ಕಾಲು. ನಿಲ್ಲು. ಮೂವತ್ನಾಲ್ಕು. ಮೂವತ್ನಾಲ್ಕು.
ನನ್ನ ಒಂದು ಕಿವಿಯಲ್ಲಿ ಅವನ ಅಂಕೆ,
ಇನ್ನೊಂದರಲ್ಲಿ ಉಮ್ಮ ಬೀಡಿ ಎಣಿಸುವ ಸದ್ದು,
ಇಪ್ಪತ್ತೈದಕ್ಕೊಂದು ಕಟ್ಟು.
ಬಾಂಗಿಗೆ ಸ್ವಲ್ಪ ಮೊದಲು ಇಬ್ಬರೂ ಸುಮ್ಮನಾದರು.

ನಲವತ್ತೊಂದನೆಯ ದಿನ ಎತ್ತಿದೆ. ಹುಣಸೆಬೀಜದಷ್ಟು,
ಜೇನಿನ ಬಣ್ಣ; ಹಿಂದಿಟ್ಟ ಪತ್ರಿಕೆಯ ಅಕ್ಷರ ಓದಬಹುದು.
ಒಂದು ಮೂಲೆಯಲ್ಲಿ ಮಾತ್ರ ಆ ರಾತ್ರಿಯ ತೆಳು ಗೆರೆ.
ಫೋಟೋ ನೋಡಿ ಉಮ್ಮ: "ಇಷ್ಟಕ್ಕಾ ಮಿಸ್ರಿಯಾ?
ಬಂದರಿನಲ್ಲಿ ಇದಕ್ಕಿಂತ ದೊಡ್ಡ ಕಲ್ಲುಸಕ್ಕರೆ ಸಿಗ್ತದೆ."

ಕತ್ತಲ ಕೋಣೆ, ಕನ್ನಡಕ. ಕೆಂಪಿನಾಚೆಯ ಬೆಳಕು,
ಕಣ್ಣಿಗೆ ಇಲ್ಲವೇ ಇಲ್ಲದ್ದು, ಹರಳಿನೊಳಗೆ ಹೋಯಿತು;
ಈಚೆ ಬಿಳಿ ಕಾಗದದ ಮೇಲೆ ಬಿತ್ತು
ಒಂದು ಹಸಿರು ಚುಕ್ಕಿ.
ಐತಪ್ಪಣ್ಣ ಬಹಳ ಹೊತ್ತು ನೋಡಿ,
"ಕಾಣದ್ದು ಹೋಗಿ ಕಾಣುವುದು ಬಂತಲ್ಲ" ಅಂದ.
ಪ್ರಬಂಧದಲ್ಲಿ ನಾನು ಅದನ್ನು ಹನ್ನೆರಡು ಪುಟ ಬರೆದಿದ್ದೇನೆ.

ಆಮೇಲೆ ಉಳಿದದ್ದು ಕೋಷ್ಟಕದ ಕೊನೆಯ ಖಾನೆ:
ಎಷ್ಟು ತಾಳುತ್ತದೆ?
ಕೇಳಲು ದಾರಿ ಒಂದೇ. ಗುಬುಟು ತಿರುಗಿಸುತ್ತ
ಬೆಳಕನ್ನು ಏರಿಸುವುದು, ಒಡೆಯುವವರೆಗೆ.
ಏರಿಸಿದೆ. ತಾಳಿತು. ಏರಿಸಿದೆ. ತಾಳಿತು.
ಕೈ ನನ್ನದೇ, ನಡುಗಲಿಲ್ಲ; ಅದೇ ಆಶ್ಚರ್ಯ.

ಟಕ್.
ಕಡಲೆ ಸಿಪ್ಪೆ ಒಡೆದಷ್ಟೇ ಸದ್ದು.
ಜೇನಿನೊಳಗೆ ಒಂದು ಕರಿ ಚುಕ್ಕೆ.
ಅಂಕೆ ಬರೆದೆ, ದಶಮಾಂಶ ಎರಡರವರೆಗೆ.

ದೀಪ ಹಾಕಿದ ಐತಪ್ಪಣ್ಣ ಏನೂ ಕೇಳಲಿಲ್ಲ.
ಖಾಲಿ ತಂಗೂಸಿಯನ್ನು ಬೆರಳಿಗೆ ಸುತ್ತಿ ಸುತ್ತಿ
ಅಂಗಿ ಜೇಬಿಗೆ ಹಾಕಿಕೊಂಡ.
ನಾಳೆ ಆದಿತ್ಯವಾರ,
ನೇತ್ರಾವತಿಯಲ್ಲಿ ಮೀನು ಕಚ್ಚುತ್ತದಂತೆ.