ಹನ್ನೊಂದು ತಿಂಗಳು

ಹುದ್ದೆ ಒಂದು. ಸಂಶೋಧನಾ ಸಹಾಯಕ,
ತಾತ್ಕಾಲಿಕ, ಹನ್ನೊಂದು ತಿಂಗಳು.
ರಾಯಚೂರಿನ ಬಿಸಿಲಿಗೆ ಗೋಂದು ಒಣಗಿ
ಕಾಗದದ ಒಂದು ಮೂಲೆ ಆಗಲೇ ಎದ್ದಿದೆ.

ಬೆಂಚಿನ ಮೇಲೆ ಏಳು ಜನ, ಏಳು ಫೈಲು.
ನನ್ನದರಲ್ಲಿ ಸಿಂಧನೂರಿನ ಸವಳು ಮಣ್ಣಿನ
ಮುನ್ನೂರು ಮಾದರಿಗಳ ಲೆಕ್ಕ;
ಪಕ್ಕದ ಶಂಷಾದಳದರಲ್ಲಿ ತೊಗರಿಬೇರಿನ ಗಂಟು.
ಪಿನ್ನು ಒಂದೇ ಇತ್ತು ಅವಳ ಹತ್ರ,
ಅದನ್ನೂ ನನಗೆ ಕೊಟ್ಟಳು.

"ಹನ್ನೆರಡನೇ ತಿಂಗಳು ಏನ್ ಮಾಡ್ತಾರ?"
ನೀರು ತಂದ ಹುಸೇನಪ್ಪನ್ನ ಕೇಳಿದೆ.
"ಒಂದಿನ ಬಿಡಸ್ತಾರ, ಮತ್ತ ಕರೀತಾರ.
ನಂದು ಹಂಗ ಹತ್ತೊಂಬತ್ತು ವರ್ಷ ಆತು, ತಂಗಿ"
ಅಂದು
ಎದ್ದ ಮೂಲೆಯನ್ನು ಹೆಬ್ಬೆರಳಿಂದ ಒತ್ತಿದ.

ಅದು ಕೂತಿತು. ಅವನು ಒಳಗೆ ಹೋದ.
ಮತ್ತೆ ಎದ್ದಿತು.
ಒಳಗಿಂದ ಯಾರೋ
ನನ್ನ ಹೆಸರನ್ನು ತಪ್ಪಾಗಿ ಕರೆದರು.
ಎದ್ದೆ.